ಟ್ರೌಟ್ ಗಾಳಕ್ಕೆ ಕುಟುಂಬ ಸಮೇತ ಹಿಮಾಚಲ: ಬಿಸಿಲು ನೋಡಿ ನದಿಗಿಳಿಯಬಹುದೇ?

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಮನೆಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೋ ಓಡಾಡಲು ಶುರುವಾಗುತ್ತದೆ. ಹಿಮಾಲಯದ ಯಾವುದೋ ಹೊಳೆ, ತಳದ ಕಲ್ಲು ಕಾಣುವಷ್ಟು ತಿಳಿನೀರು, ನಟ್ಟನಡುವಿನ ಬಂಡೆಯ ಮೇಲೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಕೈಯಲ್ಲಿ ಗಾಳದ ಕೋಲು. ಅದರ ಕೆಳಗೆ ಒಂದಿಷ್ಟು ಸಲಹೆ: ‘ಮಳೆ ಇಲ್ಲದ ದಿನ ನೋಡಿ ಹೋಗಿ, ಏನೂ ಭಯವಿಲ್ಲ’, ‘ಮಕ್ಕಳು ಮಾತಾಡಿದರೆ ಮೀನು ಬರುವುದಿಲ್ಲ’, ‘ಚಳಿಯಾದರೆ ಒಂದು ಪೆಗ್ ಹಾಕಿ’, ‘ಹಿಡಿದು ವಾಪಸ್ ಬಿಟ್ಟರೆ ಮೀನಿಗೆ ಏನೂ ಆಗುವುದಿಲ್ಲ’. ಇವುಗಳಲ್ಲಿ ಕೆಲವು ಬರೀ ತಮಾಷೆ. ಮೊದಲನೆಯದು ಮಾತ್ರ ಜೀವ ತೆಗೆಯುವಂಥದ್ದು. ಅದಕ್ಕಾಗಿಯೇ ಈ ಲೇಖನ.

ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಟ್ರೌಟ್ ಗಾಳ ಚೆನ್ನಾದ ಹವ್ಯಾಸ, ಮಕ್ಕಳಿಗೆ ಮೊಬೈಲ್ ಮರೆಸುವ ಶಕ್ತಿ ಅದಕ್ಕಿದೆ. ಆದರೆ ಹೋಟೆಲ್, ಟಿಕೆಟ್, ಗಾಳ ಎಲ್ಲದಕ್ಕೂ ಮೊದಲು ಆ ನದಿ ದಿನದಲ್ಲಿ ಹೇಗೆ ಏರಿಳಿಯುತ್ತದೆ ಎಂಬುದು ಗೊತ್ತಿರಬೇಕು. ಉದಾಹರಣೆಗೆ ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಯನ್ನು ತೆಗೆದುಕೊಂಡಿದ್ದೇವೆ. ಇಲ್ಲಿಂದ ಹೋಗುವ ಕುಟುಂಬಗಳು ಹೆಚ್ಚಾಗಿ ವಿಚಾರಿಸುವ ಟ್ರೌಟ್ ಜಾಗಗಳಲ್ಲಿ ಅದೂ ಒಂದು.

ನಮ್ಮ ಹೊಳೆಗಳಲ್ಲಿ ಟ್ರೌಟ್ ಯಾಕಿಲ್ಲ?

‘ಕಾವೇರಿಯಲ್ಲೂ ಟ್ರೌಟ್ ಸಿಗುತ್ತೆ’ ಎಂಬ ಫಾರ್ವರ್ಡ್ ಕೂಡ ಇದೆ. ಸಿಗುವುದಿಲ್ಲ. ಟ್ರೌಟ್‌ಗೆ ಬೇಕಾದದ್ದು ತಣ್ಣನೆಯ, ಆಮ್ಲಜನಕ ತುಂಬಿದ ನೀರು. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ: ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ನೀರು 20 ಡಿಗ್ರಿ ದಾಟಿದರೆ ಟ್ರೌಟ್ ಏದುಸಿರು ಬಿಡತೊಡಗುತ್ತದೆ. ಬಯಲುಸೀಮೆಯ ಕಾವೇರಿ ಬೇಸಿಗೆಯಲ್ಲಿ ಅದಕ್ಕೆ ಕಾದ ಬಾಣಲೆಯೇ ಸರಿ. ಕಾವೇರಿಯಲ್ಲಿ ಗಾಳ ಹಾಕುವವರು ಹುಡುಕಿಕೊಂಡು ಬರುತ್ತಿದ್ದದ್ದು ಮಹಸೀರ್ ಮೀನನ್ನು. ಭೀಮೇಶ್ವರಿ, ಗಾಲಿಬೋರೆ ಕಡೆಯ ಆ ಶಿಬಿರಗಳು ವನ್ಯಜೀವಿ ಧಾಮದ ಒಳಗಿದ್ದುದರಿಂದ ಅಲ್ಲಿ ಗಾಳ ಹಾಕುವುದು ಈಗ ನಿಂತುಹೋಗಿದೆ.

ಹಾಗೆ ನೋಡಿದರೆ ಹಿಮಾಲಯಕ್ಕೂ ಟ್ರೌಟ್ ಹೊರಗಿನದೇ. 1900ರ ಆಸುಪಾಸಿನಲ್ಲಿ ಬ್ರಿಟಿಷರು ತಮ್ಮ ಗಾಳದ ಶೋಕಿಗಾಗಿ ಹಡಗಿನಲ್ಲಿ ಮೊಟ್ಟೆ ತರಿಸಿ ಕಾಶ್ಮೀರದಲ್ಲಿ ಮರಿ ಮಾಡಿಸಿದರು. 1909ರ ಹೊತ್ತಿಗೆ ಅದು ಕುಲ್ಲುವಿಗೆ ಬಂತು. ನಮ್ಮ ಪಕ್ಕದ ನೀಲಗಿರಿಯ ಅವಲಾಂಚಿಯಲ್ಲೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮರಿಕೇಂದ್ರ ಶುರುವಾಯಿತು. ತೀರ್ಥನ್‌ನಲ್ಲಿ ಗಾಳಕ್ಕೆ ಬೀಳುವುದು ಹೆಚ್ಚಾಗಿ ಬ್ರೌನ್ ಟ್ರೌಟ್. ಕಂದು ಮೈ, ಕಪ್ಪು ಮತ್ತು ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ಬಿಳಿಚಿದ ಉಂಗುರ. ಸಾಕಣೆ ಕೊಳಗಳಲ್ಲಿ ಇರುವುದು ರೇನ್‌ಬೋ ಟ್ರೌಟ್, ಅದರ ಮೈಯ ಉದ್ದಕ್ಕೂ ಗುಲಾಬಿ ಪಟ್ಟಿ. ಇನ್ನು ಹೋಟೆಲ್‌ಗಳಲ್ಲಿ ಕೇಳಿಬರುವ ‘ಸ್ನೋ ಟ್ರೌಟ್’ ಟ್ರೌಟ್ ಅಲ್ಲವೇ ಅಲ್ಲ. ಅದು ಗೆಂಡೆ ಮೀನಿನ ಬಳಗಕ್ಕೆ ಸೇರಿದ ಹಿಮಾಲಯದ ಸ್ವಂತ ಮೀನು, ಉತ್ತರಾಖಂಡದಲ್ಲಿ ಅಸೇಲ ಎನ್ನುತ್ತಾರೆ. ಹೊರಗಿನಿಂದ ಬಂದ ಟ್ರೌಟ್ ಇದರ ಮರಿಗಳನ್ನೂ ತಿನ್ನುತ್ತದೆ ಎಂಬುದು ಮೀನು ತಜ್ಞರ ಹಳೆಯ ದೂರು.

ಯಾವಾಗ ಹೋಗಬೇಕು?

ಹಿಮಾಚಲದಲ್ಲಿ ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಆಗ ಅವು ಜಲ್ಲಿಕಲ್ಲಿನ ನಡುವೆ ಗುಂಡಿ ತೋಡಿ ಮೊಟ್ಟೆ ಇಡುವ ಕಾಲ. ಜುಲೈನಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆಗಾಲ. ನೀರು ಕೆಂಪಾಗಿರುತ್ತದೆ, ಗುಡ್ಡ ಕುಸಿಯುತ್ತದೆ. 2023ರ ಜುಲೈ 9 ಮತ್ತು 10ರಂದು ಬಿಯಾಸ್ ನದಿ ಕುಲ್ಲು, ಮನಾಲಿಯ ರಸ್ತೆ, ಸೇತುವೆ, ಕಟ್ಟಡಗಳನ್ನು ಹೊತ್ತೊಯ್ದ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಆ ತಿಂಗಳುಗಳ ಅಗ್ಗದ ಪ್ಯಾಕೇಜ್‌ಗೆ ಮರುಳಾಗಬೇಡಿ.

ಉಳಿಯುವುದು ಎರಡು ಕಿಟಕಿ: ಮಾರ್ಚ್‌ನಿಂದ ಜೂನ್ ಆರಂಭ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನಮ್ಮ ಶಾಲೆಗಳ ರಜೆಗೆ ಇದು ಅನುಕೂಲವಾಗಿಯೇ ಹೊಂದುತ್ತದೆ. ಬೇಸಿಗೆ ರಜೆಯಾದರೆ ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಮೇ ಬಂದರೆ ಹಿಮ ಜೋರಾಗಿ ಕರಗಿ ನೀರು ಏರುತ್ತದೆ. ನಮ್ಮನ್ನು ಕೇಳಿದರೆ ದಸರಾ ರಜೆಗೇ ನಮ್ಮ ಮತ. ಮಳೆ ನಿಂತಿರುತ್ತದೆ, ನೀರು ಇಳಿದು ತಿಳಿಯಾಗಿರುತ್ತದೆ. ಒಂದೇ ತೊಡಕು, ವಿಜಯದಶಮಿಯ ದಿನ ನಮ್ಮಲ್ಲಿ ದಸರಾ ಮುಗಿದರೆ ಕುಲ್ಲುವಿನಲ್ಲಿ ಅಂದೇ ಶುರುವಾಗಿ ಏಳು ದಿನ ನಡೆಯುತ್ತದೆ. ಆ ವಾರ ರೂಮು, ಟ್ಯಾಕ್ಸಿ ಎರಡೂ ಕಷ್ಟ, ಮುಂಚೆಯೇ ಕಾದಿರಿಸಿ.

‘ಬಿಸಿಲಿದೆ, ನೀರು ಕಮ್ಮಿ ಇದೆ, ಭಯವಿಲ್ಲ’

2014ರ ಜೂನ್ 8ರ ಸಂಜೆ. ಹೈದರಾಬಾದ್‌ನಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಂಡಿ ಜಿಲ್ಲೆಯ ಥಲೌಟ್ ಬಳಿ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನದಿ ಬಡಕಲಾಗಿ ಹರಿಯುತ್ತಿತ್ತು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಅವರನ್ನು ಸುತ್ತುವರಿಯಿತು. 24 ವಿದ್ಯಾರ್ಥಿಗಳು ಮತ್ತು ಜೊತೆಯಲ್ಲಿದ್ದ ಪ್ರವಾಸದ ಮೇಲ್ವಿಚಾರಕರೊಬ್ಬರು ಕೊಚ್ಚಿಹೋದರು. ದಡದಲ್ಲಿದ್ದವರ ಮೊಬೈಲ್‌ನಲ್ಲಿ ಸೆರೆಯಾದ ದೃಶ್ಯವನ್ನು ಇಡೀ ದೇಶ ನೋಡಿತು. ತೀರ್ಥನ್ ಕಣಿವೆಗೆ ಹೋಗುವ ದಾರಿ ಇದೇ ಲಾರ್ಜಿಯ ಪಕ್ಕದಲ್ಲಿ ಹಾದುಹೋಗುತ್ತದೆ.

ಮಳೆಯಿಲ್ಲದೆ ನೀರು ಹೇಗೆ ಏರುತ್ತದೆ? ಜಲವಿದ್ಯುತ್ ಸ್ಥಾವರದ ಲೆಕ್ಕವೇ ಬೇರೆ. ಬೇಡಿಕೆ ಕಡಿಮೆ ಇದ್ದಾಗ ನೀರನ್ನು ತಡೆದಿಟ್ಟು, ಸಂಜೆ ಮನೆಗಳಲ್ಲಿ ದೀಪ ಹತ್ತುವ ಹೊತ್ತಿಗೆ ಟರ್ಬೈನ್ ತಿರುಗಿಸುತ್ತಾರೆ. ಇದರ ತದ್ವಿರುದ್ಧವೂ ಆಗುತ್ತದೆ. ಗ್ರಿಡ್‌ಗೆ ವಿದ್ಯುತ್ ಬೇಡವಾಗಿ ಟರ್ಬೈನ್ ನಿಂತರೆ, ಅಷ್ಟೂ ನೀರು ಗೇಟಿನಿಂದ ಹೊರಬೀಳಲೇಬೇಕು. ಎರಡೂ ಸಂದರ್ಭದಲ್ಲಿ ಅಣೆಕಟ್ಟಿನ ಕೆಳಗೆ ನಿಂತವರಿಗೆ ತಲೆ ಮೇಲಿನ ಆಕಾಶ ಏನನ್ನೂ ಹೇಳುವುದಿಲ್ಲ. ಸೈರನ್ ಊದಬೇಕೆಂಬ ನಿಯಮವಿದೆ. ಆದರೆ ಭೋರ್ಗರೆಯುವ ಹೊಳೆಯ ಪಕ್ಕದಲ್ಲಿ ಸೈರನ್ ಕೇಳಿಸೀತು ಎಂದು ನಂಬಿ ಮಕ್ಕಳನ್ನು ಇಳಿಸುವುದು ಜಾಣತನವಲ್ಲ. ಹಾಗಾಗಿ ನಮ್ಮ ಸಲಹೆ ನೇರ: ಬಿಯಾಸ್ ಆಗಲಿ, ಸೈಂಜ್ ಆಗಲಿ, ಅಣೆಕಟ್ಟಿನ ಕೆಳಗಿನ ಹರಿವಿನಲ್ಲಿ ಮಕ್ಕಳೊಂದಿಗೆ ಗಾಳ ಬೇಡ.

ತೀರ್ಥನ್ ನದಿ ಬಿಯಾಸನ್ನು ಸೇರುವುದು ಲಾರ್ಜಿಯ ಹತ್ತಿರವೇ. ಗಾಳದ ಜಾಗಗಳು ಅದಕ್ಕಿಂತ ಮೇಲಿವೆ, ಲಾರ್ಜಿ ಗೇಟಿನ ನೀರು ಅಲ್ಲಿಗೆ ಬರುವುದಿಲ್ಲ. ಹಾಗೆಂದು ನಿಶ್ಚಿಂತೆಯಲ್ಲ. ಮಧ್ಯಾಹ್ನದ ಬಿಸಿಲಿಗೆ ಮೇಲೆಲ್ಲೋ ಕರಗಿದ ಹಿಮ ಕೆಲವು ಗಂಟೆ ತಡವಾಗಿ, ಸಂಜೆಯ ಹೊತ್ತಿಗೆ ಕೆಳಗೆ ಬಂದು ಮುಟ್ಟುತ್ತದೆ. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ನೀರಿನಲ್ಲಿ ದಾಟಿ ಆಚೆ ದಡಕ್ಕೆ ಹೋದವರು ಸಂಜೆ ವಾಪಸ್ ಬರಲಾಗದೆ ನಿಲ್ಲುವುದು ಇದರಿಂದಲೇ. ಅಂದರೆ ಬಿಸಿಲು ಜೋರಾಗಿದ್ದಷ್ಟೂ ಸಂಜೆಯ ನೀರು ಜಾಸ್ತಿ. ನಮ್ಮ ಊರಿನ ಲೆಕ್ಕ ಇಲ್ಲಿ ತಲೆಕೆಳಗು. ಕಣಿವೆಯ ಮೇಲ್ತುದಿಯಲ್ಲಿ ಮೋಡ ಒಡೆದರೂ ಅಷ್ಟೇ, ನಿಮ್ಮ ತಲೆ ಮೇಲೆ ಹನಿ ಬೀಳುವ ಮೊದಲೇ ನೀರು ಬಂದಿರುತ್ತದೆ.

ನೀರಿನ ತಳ್ಳುವ ಬಲವನ್ನೂ ನಾವು ತಪ್ಪಾಗಿ ಅಂದಾಜು ಮಾಡುತ್ತೇವೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಸೆಳವು ಜೋರಿದ್ದರೆ 15 ಸೆಂಟಿಮೀಟರ್ ನೀರು, ಅಂದರೆ ಪಾದ ಮುಳುಗುವುದಕ್ಕಿಂತ ತುಸು ಹೆಚ್ಚು, ದೊಡ್ಡವರ ಕಾಲನ್ನೇ ಕಿತ್ತೆಸೆಯಬಲ್ಲದು. ಆರು ವರ್ಷದ ಮಗುವಿಗೆ ಎಷ್ಟು ಸಾಕು ಎಂದು ನೀವೇ ಲೆಕ್ಕ ಹಾಕಿ.

ಇದಕ್ಕೊಂದು ಹಳೆಯ ಉಪಾಯವಿದೆ, ಆ್ಯಪ್ ಬೇಕಿಲ್ಲ. ದಡಕ್ಕೆ ಹೋದ ಕೂಡಲೇ ನೀರಂಚಿನಲ್ಲಿ ಒಂದು ಕಲ್ಲು ನೆಡಿ. ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡುವ ಕೆಲಸವನ್ನು ಮಕ್ಕಳಿಗೇ ಕೊಡಿ, ಅವರಿಗದು ಆಟ. ಕಲ್ಲು ನೆನೆದರೆ ಗಾಳ ಸುತ್ತಿಕೊಂಡು ಹೊರಡಿ. ತಿಳಿನೀರು ಕದಡಿ ಮಣ್ಣಿನ ಬಣ್ಣವಾದರೆ, ತರಗೆಲೆ, ಕಡ್ಡಿ ತೇಲಿಬರತೊಡಗಿದರೆ, ಹೊಳೆಯ ಸದ್ದು ಬದಲಾದರೆ ಗಾಳ ಸುತ್ತುವಷ್ಟೂ ಕಾಯಬೇಡಿ, ಎತ್ತರಕ್ಕೆ ಹತ್ತಿ. ಹೊಳೆಯ ನಡುವಿನ ಬಂಡೆಗೆ ಹೋಗುವುದಂತೂ ಬೇಡವೇ ಬೇಡ, ಆ ವಿಡಿಯೋ ಎಷ್ಟೇ ಚೆನ್ನಾಗಿರಲಿ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ದಡ ಬಿಟ್ಟುಬಿಡುವುದು ನಾವು ಹೇಳುವ ವೇಳಾಪಟ್ಟಿ.

ಇನ್ನೊಂದು ಮಾತು. ಕುಟುಂಬದಲ್ಲಿ ಒಬ್ಬ ಹಿರಿಯರು ಗಾಳ ಮುಟ್ಟಬಾರದು, ಫೋನ್ ಕೂಡ. ಅವರ ಕೆಲಸ ಮಕ್ಕಳನ್ನು ನೋಡುವುದು ಮಾತ್ರ. ಗಂಟೆಗೊಮ್ಮೆ ಪಾಳಿ ಬದಲಾಯಿಸಿಕೊಳ್ಳಿ. ಮೀನು ಕಚ್ಚಿದ ಕ್ಷಣದಲ್ಲಿ ಎಂಥ ಎಚ್ಚರದ ಅಪ್ಪನೂ ಮಗುವನ್ನು ಮರೆಯುತ್ತಾನೆ.

ಬಿದ್ದರೆ?

ಹತ್ತು ಡಿಗ್ರಿ ಆಸುಪಾಸಿನ ನೀರಿಗೆ ದಿಢೀರ್ ಬಿದ್ದರೆ ಮೊದಲು ಆಗುವುದು ಮೈ ಹೆಪ್ಪುಗಟ್ಟುವುದಲ್ಲ. ತನ್ನಿಂತಾನೇ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತೇವೆ, ಆ ಕ್ಷಣ ಬಾಯಿ ನೀರಿನೊಳಗಿದ್ದರೆ ನೀರೇ ಒಳಹೋಗುತ್ತದೆ. ಚೆನ್ನಾಗಿ ಈಜು ಬಲ್ಲವರೂ ಮೊದಲ ಒಂದು ನಿಮಿಷದಲ್ಲಿ ಮುಳುಗುವುದು ಇದಕ್ಕೇ. ನಮ್ಮೂರಿನ ಈಜುಕೊಳದಲ್ಲಿ ಕಲಿತ ಈಜು ಅಲ್ಲಿ ಅಷ್ಟಾಗಿ ಕೈಹಿಡಿಯದು. ಹಾಗಾಗಿ ಮಕ್ಕಳಿಗೆ ಅವರದೇ ಅಳತೆಯ ಲೈಫ್ ಜಾಕೆಟ್ ಇರಲೇಬೇಕು. ಅಣ್ಣನದು ತಮ್ಮನಿಗೆ ಹಾಕಿದರೆ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಹೋಮ್‌ಸ್ಟೇಯಲ್ಲಿ ಚಿಕ್ಕ ಅಳತೆಯದು ಸಿಗದಿರಬಹುದು, ಇಲ್ಲಿಂದಲೇ ಒಯ್ಯಿರಿ.

ಸೆಳವಿಗೆ ಸಿಕ್ಕರೆ ಎದ್ದು ನಿಲ್ಲಲು ಹೋಗಬಾರದು. ಕಾಲು ಬಂಡೆಗಳ ಸಂದಿಗೆ ಸಿಕ್ಕಿಕೊಂಡರೆ ನೀರು ಮೈಯನ್ನು ಮುಂದಕ್ಕೆ ಮಡಚಿಹಾಕುತ್ತದೆ. ಅಂಗಾತ ಮಲಗಿ, ಹರಿವಿನ ದಿಕ್ಕಿಗೆ ಕಾಲು ಚಾಚಿ, ಕಾಲ್ಬೆರಳು ನೀರಿನ ಮೇಲಿರುವಂತೆ ತೇಲುತ್ತಾ ಕೈಯಿಂದ ದಡದತ್ತ ಸಾಗಬೇಕು. ದಡದವರು ಹಗ್ಗವನ್ನೋ ಕೋಲನ್ನೋ ಚಾಚಬೇಕೇ ಹೊರತು ಹಿಂದೆಯೇ ಹಾರಬಾರದು.

ಮೇಲೆ ಬಂದವರಿಗೆ ‘ಒಂದು ಪೆಗ್’ ಕೊಡುವ ಸಲಹೆ ಪೂರ್ತಿ ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆ ಅನಿಸುತ್ತದೆ, ನಿಜವಾಗಿ ಒಳಗಿನ ಶಾಖ ಹೊರಗೆ ಸೋರುತ್ತಿರುತ್ತದೆ. ಒದ್ದೆ ಬಟ್ಟೆ ಕಳಚಿ, ಒರೆಸಿ, ಒಣ ಉಣ್ಣೆ ಬಟ್ಟೆ ಹೊದಿಸಿ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಬೆಚ್ಚಗಿನ ಸಕ್ಕರೆ ನೀರೋ ಹಾಲೋ ಕೊಡಬಹುದು. ಕೈಕಾಲು ತಿಕ್ಕುತ್ತಾ ಕೂರಬೇಡಿ. ನಡುಕ ನಿಂತು ಮಾತು ತೊದಲಿದರೆ ಆಸ್ಪತ್ರೆ. ಬಂಜಾರ್‌ನಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ದೊಡ್ಡದು ಬೇಕೆಂದರೆ ಕುಲ್ಲು. ತುರ್ತು ಸಂಖ್ಯೆ 112. ಕಣಿವೆಯೊಳಗೆ ಎಲ್ಲ ಕಡೆ ಸಿಗ್ನಲ್ ಇರುವುದಿಲ್ಲ, ಎಲ್ಲಿ ಕೂರುತ್ತೇವೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಹೋಮ್‌ಸ್ಟೇಯವರಿಗೆ ಹೇಳಿಯೇ ಹೊರಡಿ.

ಮಕ್ಕಳು ಮಾತಾಡಲಿ ಬಿಡಿ

ಗಾಳಿಯಲ್ಲಿ ಹುಟ್ಟಿದ ಸದ್ದಿನ ಶಕ್ತಿಯಲ್ಲಿ ನೀರಿನೊಳಗೆ ಹೋಗುವುದು ಸಾವಿರಕ್ಕೆ ಒಂದು ಪಾಲು, ಉಳಿದದ್ದು ನೀರಿನ ಮೇಲ್ಮೈಯಿಂದಲೇ ವಾಪಸ್. ಮಗು ಹಾಡಿದರೆ ಟ್ರೌಟ್‌ಗೆ ಚಿಂತೆಯಿಲ್ಲ. ದಡದಲ್ಲಿ ಧಡಧಡ ಹೆಜ್ಜೆ ಹಾಕಿದರೆ, ನೀರಿನ ಮೇಲೆ ನೆರಳು ಬಿದ್ದರೆ ಓಡುತ್ತದೆ. ಟ್ರೌಟ್ ಹರಿವಿಗೆ ಎದುರಾಗಿ ಮುಖಮಾಡಿ ನಿಲ್ಲುವುದರಿಂದ ಅದರ ಹಿಂದಿನಿಂದ, ಅಂದರೆ ನದಿಯ ಕೆಳಗಿನ ಕಡೆಯಿಂದ ಮೆಲ್ಲಗೆ ಬರಬೇಕು. ದೊಡ್ಡ ಬಂಡೆಯ ಹಿಂದಿನ ಮಡು, ಜೋರು ನೀರು ಮತ್ತು ನಿಧಾನದ ನೀರು ಸೇರುವ ಗೆರೆ, ಅದರ ಮೆಚ್ಚಿನ ಜಾಗ. ಶಕ್ತಿ ಖರ್ಚಾಗದೆ ಊಟ ಬಾಯಿಗೇ ತೇಲಿಬರುತ್ತದೆ.

ಕಲಿಯುವವರಿಗೆ ಆರೇಳು ಅಡಿಯ ಹಗುರ ಕೋಲು, ಚಿಕ್ಕ ಸ್ಪಿನ್ನರ್ ಸಾಕು. ನೊಣದಂತೆ ಕಾಣುವ ಕೃತಕ ಎರೆ ಕಟ್ಟಿ ಬೀಸುವ ಫ್ಲೈ ಗಾಳ ನೋಡಲು ಚೆಂದ, ಆದರೆ ಎರಡು ದಿನದಲ್ಲಿ ಕೈಗೆ ಹತ್ತುವುದಿಲ್ಲ. ಜೊತೆಗೆ ಹಿಂದಕ್ಕೆ ಬೀಸಿದ ಗಾಳ ಹಿಂದೆ ನಿಂತ ಮಗುವಿನ ಕಣ್ಣಿಗೆ ಬಡಿದೀತು. ಗಾಳ ಹಾಕುವವರಿಗೂ ನೋಡುವವರಿಗೂ ಕನ್ನಡಕ, ಟೋಪಿ ಇರಲಿ. ಬರೀ ಪಾರದರ್ಶಕ ಕನ್ನಡಕವಾದರೂ ನಡೆಯುತ್ತದೆ. ಕಣ್ಣಿಗೆ ಗಾಳ ಚುಚ್ಚಿಕೊಂಡರೆ ಕೀಳಬೇಡಿ, ಒತ್ತಬೇಡಿ, ಪೇಪರ್ ಕಪ್ ಮುಚ್ಚಿ ಪ್ಲಾಸ್ಟರ್ ಹಾಕಿ ಆಸ್ಪತ್ರೆಗೆ ಓಡಿ. ಬೆರಳಿಗೆ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಟೆಟನಸ್ ಲಸಿಕೆ ಹಳೆಯದಾಗಿದ್ದರೆ ಹಾಕಿಸಿಕೊಳ್ಳಿ. ಅರಿಶಿನ ಮೆತ್ತಿದರೆ ಸಾಕು ಎಂಬ ಫಾರ್ವರ್ಡ್ ನಂಬಬೇಡಿ. ಹಿಮ್ಮುಳ್ಳು ಇಲ್ಲದ ಗಾಳವಾದರೆ ಬೆರಳಿನಿಂದಲೂ ಮೀನಿನ ಬಾಯಿಂದಲೂ ಸಲೀಸಾಗಿ ಬರುತ್ತದೆ, ಇಕ್ಕಳದಲ್ಲಿ ಹಿಮ್ಮುಳ್ಳನ್ನು ಅದುಮಿದರೂ ಸಾಕು.

ಇನ್ನು ‘ಮೀನಿಗೆ ನೋವಾಗುವುದಿಲ್ಲ’. ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ರೇನ್‌ಬೋ ಟ್ರೌಟ್‌ನ ತಲೆಯಲ್ಲಿ ನೋವಿನ ಸುಳಿವು ಹಿಡಿಯುವ ನರತುದಿಗಳಿರುವುದನ್ನು ತೋರಿಸಿದರು. ಅದು ನಮ್ಮಂತೆ ನೋವನ್ನು ‘ಅನುಭವಿಸು’ತ್ತದೆಯೇ ಎಂಬ ಚರ್ಚೆ ಇನ್ನೂ ನಡೆದಿದೆ. ಬಿಡುವುದಾದರೆ ಸರಿಯಾಗಿ ಬಿಡಿ. ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಗೈ ಮೀನಿನ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ, ಸೋಂಕಿನಿಂದ ಅದನ್ನು ಕಾಯುವುದು ಆ ಲೋಳೆಯೇ. ಕಿವಿರಿಗೆ ಬೆರಳು ಹಾಕಬೇಡಿ. ಫೋಟೋಗೆಂದು ಎತ್ತಿ ಹಿಡಿದಾಗ ನೀವೂ ಉಸಿರು ಬಿಗಿಹಿಡಿಯಿರಿ, ನಿಮಗೆ ಕಷ್ಟವಾಗುವ ಮೊದಲೇ ಅದನ್ನು ನೀರಿಗೆ ಇಳಿಸಿ. ಹರಿವಿಗೆ ಮುಖಮಾಡಿ ಹಿಡಿದುಕೊಂಡರೆ ಸುಧಾರಿಸಿಕೊಂಡು ತಾನೇ ಹೋಗುತ್ತದೆ.

ದಾರಿ, ಲೈಸೆನ್ಸ್, ಊಟ

ಬೆಂಗಳೂರಿನಿಂದ ದೆಹಲಿ, ಅಲ್ಲಿಂದ ಮನಾಲಿ ಕಡೆಯ ರಾತ್ರಿ ಬಸ್ಸಿನಲ್ಲಿ ಔಟ್ ಎಂಬಲ್ಲಿ ಇಳಿದು, ಲಾರ್ಜಿ ದಾಟಿ ಬಂಜಾರ್, ಮುಂದೆ ಗುಶೈನಿ. ಎತ್ತರ 1,500 ಮೀಟರ್ ಚಿಲ್ಲರೆ, ಹಾಗಾಗಿ ‘ಆಕ್ಸಿಜನ್ ಕ್ಯಾನ್ ಒಯ್ಯಲೇಬೇಕು’ ಎಂಬ ಸಂದೇಶ ಇಲ್ಲಿಗೆ ಅನ್ವಯಿಸುವುದಿಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರ್ ದಾಟಿದ ಮೇಲೆ. ತಿರುವಿನ ರಸ್ತೆಗೆ ಮಕ್ಕಳು ವಾಂತಿ ಮಾಡಿಕೊಳ್ಳುವುದೇ ಹೆಚ್ಚಿನ ತೊಂದರೆ. ತಲುಪಿದ ದಿನವೇ ಗಾಳ ಹಿಡಿದು ಓಡಬೇಡಿ, ಒಂದು ಸಂಜೆ ಸುಮ್ಮನೆ ಕುಳಿತು ನೀರು ಎಷ್ಟು ಏರುತ್ತದೆ ನೋಡಿ.

ಲೈಸೆನ್ಸ್ ಕೊಡುವುದು ಹಿಮಾಚಲದ ಮೀನುಗಾರಿಕೆ ಇಲಾಖೆ, ಹೋಮ್‌ಸ್ಟೇಯವರು ದಾರಿ ಹೇಳುತ್ತಾರೆ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದೆಂದು ಆಗಲೇ ಕೇಳಿಕೊಳ್ಳಿ. ಕಣಿವೆಯ ಮೇಲ್ತುದಿ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ, 2014ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಅದರ ಗಡಿಯೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಐದಾರು ವರ್ಷದೊಳಗಿನ ಮಕ್ಕಳಿದ್ದರೆ ನದಿಯ ಆಸೆ ಬಿಟ್ಟು ಸಾಕಣೆ ಕೊಳ ತೋರಿಸಿ. ಮೀನು ನೋಡಿದ ಖುಷಿ ಅವರಿಗೆ ಅಷ್ಟೇ ಇರುತ್ತದೆ.

ಹಿಡಿದದ್ದನ್ನು ತಿನ್ನುವುದಾದರೆ ಚೆನ್ನಾಗಿ ಬೇಯಿಸಿ, ಮಾಂಸ ಪದರ ಪದರವಾಗಿ ಬಿಟ್ಟುಕೊಳ್ಳುವವರೆಗೆ. ‘ತಣ್ಣೀರಿನ ಮೀನಿನಲ್ಲಿ ಹುಳು ಇರಲ್ಲ, ನಿಂಬೆ ಹಿಂಡಿ ಹಸಿಯಾಗೇ ತಿನ್ನಿ’ ಎನ್ನುವ ರೀಲ್ಸ್ ನೋಡಿ ಮೋಸಹೋಗಬೇಡಿ. ತಣ್ಣನೆಯ ಸಿಹಿನೀರಿನ ಮೀನಿನಿಂದ ಮನುಷ್ಯರ ಕರುಳಿಗೆ ದಾಟುವ ಲಾಡಿಹುಳುಗಳಿವೆ, ನಿಂಬೆರಸಕ್ಕೆ ಅವು ಸಾಯುವುದಿಲ್ಲ. ಹೊಳೆಯ ನೀರನ್ನೂ ಕುದಿಸದೆ ಕುಡಿಯಬೇಡಿ, ಮೇಲೆ ದನಕರು ಮೇಯುತ್ತಿರುತ್ತವೆ.

ರಾತ್ರಿ ಟ್ರೌಟ್ ಊಟವಾದ ಮೇಲೆ ಮಗು ಹಾಲು ಕೇಳಿದರೆ ಕೊಡಬಹುದೇ? ‘ಮೀನು ತಿಂದು ಹಾಲು ಕುಡಿದರೆ ತೊನ್ನು’ ಎಂಬುದು ನಮಗೆ ಅತಿ ಹೆಚ್ಚು ಬರುವ ಪ್ರಶ್ನೆಗಳಲ್ಲಿ ಒಂದು. ತೊನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಬಣ್ಣದ ಕಣಗಳ ಮೇಲೆ ತಿರುಗಿಬೀಳುವುದರಿಂದ ಬರುವಂಥದ್ದು, ಮೀನು–ಹಾಲಿನ ಜೊತೆಗೂ ಅದಕ್ಕೂ ಸಂಬಂಧವಿದೆ ಎನ್ನಲು ಆಧಾರವಿಲ್ಲ. ಮಗುವಿಗೆ ಮೀನಿನ ಅಲರ್ಜಿಯೋ, ಹಾಲು ಒಗ್ಗದಿರುವುದೋ ಇಲ್ಲದಿದ್ದರೆ ಕೊಡಿ.